ದೋರಿಯ ಆ ತುದಿ

ಕಣ್ಣು ತೋರಿಸಿಕೊಂಡು ಮಿರಜಿನಿಂದ ಸಾಂಗ್ಲಿಗೆ ಹೊರಟಿದ್ದೆ. ಡಾಕ್ಟರು ಹನಿ ಹಾಕಿ ಕಳಿಸಿದ್ದರಿಂದ ಎದುರಿನದೆಲ್ಲ ಮಬ್ಬು. ಮೇಲೆ ಜಿಟಿಜಿಟಿ ಮಳೆ. ಕುಪವಾಡಕ್ಕೆ ತಿರುಗುವಲ್ಲಿ ರಿಕ್ಷಾ ನಿಂತುಬಿಟ್ಟಿತು. ಮುಂದೆ ಯಾವುದೋ ಟ್ರಕ್ಕು ಅಡ್ಡ ನಿಂತಿದೆ ಎಂದು ರಿಕ್ಷಾದವನು ಇಂಜಿನ್ ಆರಿಸಿ ತಂಬಾಕು ತಿಕ್ಕತೊಡಗಿದ. ಕಣ್ಣು ಸುಮ್ಮನಾದರೆ ಮೂಗು ಎಚ್ಚರಾಗುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಹಾಗೇ ಆಯಿತು. ಮೊದಲು ಹಸಿ ಸಿಮೆಂಟಿನ ವಾಸನೆ ಬಂತು, ಅದರ ಬೆನ್ನಿಗೇ ಒದ್ದೆ ಅರಿಶಿನದ್ದು. ಹತ್ತಿರದಲ್ಲೆಲ್ಲೋ ಅರಿಶಿನ ಪಾಲಿಶ್ ಮಾಡುವ ಕಾರ್ಖಾನೆ ಇರಬೇಕು. ಈ ಎರಡೂ ವಾಸನೆ ಒಟ್ಟಿಗೆ ನನ್ನ ಮೂಗಿಗೆ ಬಂದದ್ದು ಜೀವನದಲ್ಲಿ ಹಿಂದೆ ಒಂದೇ ಒಂದು ವರ್ಷ.

ರಸ್ತೆಯ ಪಕ್ಕದಲ್ಲಿ ಯಾವುದೋ ಕಟ್ಟಡ ಏಳುತ್ತಿತ್ತು. ಎಷ್ಟು ಅಂತಸ್ತು, ಯಾರದು, ಏನೂ ಕಾಣಲಿಲ್ಲ. ಆದರೆ ಗೋಡೆಗೆ ಕಟ್ಟಿದ ಅಟ್ಟದ ಮೇಲೆ ಕೂತು ಇಟ್ಟಿಗೆ ಇಡುತ್ತಿದ್ದವನು ಗಂಡಸು, ಕೆಳಗಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ತರುತ್ತಿದ್ದವಳು ಹೆಂಗಸು ಎನ್ನುವುದು ಮಾತ್ರ ಆ ಮಬ್ಬುಗಣ್ಣಿಗೂ ಕಂಡಿತು. ಇನ್ನೂ ಹಾಗೇ ಇದೆಯಲ್ಲ ಎನಿಸಿತು. ಯಾಕೆ ಎಂದು ಕೇಳಬೇಕೆಂದು ನಾಲಿಗೆ ತುರಿಸಿತು. ಹಳೆಯ ಚಾಳಿ. ಆ ವರ್ಷದ ಮಳೆಗಾಲದಲ್ಲಿ ನನಗೆ ಯಾಕವ್ವ ಎಂದೇ ಹೆಸರು ಬಿದ್ದಿತ್ತು.

ನಮ್ಮೂರು ಮಿರಜಿನ ಹತ್ತಿರದ ಆರಗ. ಮನೆಯಲ್ಲಿ ಕುರಿ, ತುಂಡು ಹೊಲ. ಒಲೆಯ ಮುಂದೆ ಕನ್ನಡ, ಬಜಾರಿನಲ್ಲಿ ಮರಾಠಿ. ನಾನು ಕನ್ನಡ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಿದ್ದೆ. ಆ ವರ್ಷ ಸೀಟು ಸಿಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತರೆ ಲಗ್ನ ಮಾಡಿ ಕಳಿಸುತ್ತಾರೆಂಬ ಹೆದರಿಕೆ ನನಗೆ. ಸಾಂಗ್ಲಿಯಲ್ಲಿದ್ದ ನಮ್ಮ ಕಾಕಾ ಒಂದು ಕೆಲಸ ಹುಡುಕಿಕೊಟ್ಟರು. ಅದು ಸೊಸೈಟಿಗಳ ಕಾಲ. ಹಾಲಿಗೆ ಸೊಸೈಟಿ, ಕಬ್ಬಿಗೆ ಸೊಸೈಟಿ, ನೂಲಿಗೆ ಸೊಸೈಟಿ, ಸಾಲಕ್ಕೆ ಸೊಸೈಟಿ. ಹೆಣ ಹೊರಾಕ ಒಂದು ಸೊಸೈಟಿ ಬಂದ್ರ ಮುಗೀತು ನೋಡು ಎಂದು ಕಾಕಾ ನಗುತ್ತಿದ್ದರು. ಗೌಂಡಿಗಳು, ಅಂದರೆ ಗೋಡೆ ಕಟ್ಟುವವರು, ತಾವೂ ಒಂದು ಸೊಸೈಟಿ ಕಟ್ಟಿಕೊಂಡಿದ್ದರು. ಗುತ್ತಿಗೆದಾರನ ಕೈ ಕಾಯದೆ ತಾವೇ ಕೆಲಸ ಹಿಡಿದು, ಬಂದದ್ದನ್ನು ತಾವೇ ಹಂಚಿಕೊಳ್ಳುವುದು. ಆ ವರ್ಷ ಅವರಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಅರಿಶಿನ ಬೆಳೆಯುವ ರೈತರ ಸಂಘಕ್ಕೆ ಒಂದು ಗೋದಾಮು. ಅಲ್ಲಿಯವರೆಗೆ ಹರಿಪುರದ ಕಡೆ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಕೃಷ್ಣೆ ಉಬ್ಬಿದಳೆಂದರೆ ರೈತರ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಎತ್ತರದ ಜಾಗದಲ್ಲಿ ಈ ಗೋದಾಮು.

ನನ್ನ ಕೆಲಸ ಪಾಳಣಾಘರದ್ದು. ಕೆಲಸಕ್ಕೆ ಬಂದ ಹೆಂಗಸರ ಕೂಸುಗಳನ್ನು ನೋಡಿಕೊಳ್ಳಬೇಕು. ಒಂದು ತಗಡಿನ ಶೆಡ್ಡು, ಬಿದಿರಿಗೆ ಹಳೆಯ ಸೀರೆ ಕಟ್ಟಿದ ಜೋಳಿಗೆಗಳು. ಒಂದು ಕೂಸು ಮಲಗಿತು ಎನ್ನುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ನಡುವೆ ಸಿಕ್ಕ ಹೊತ್ತಿನಲ್ಲಿ ನಾನು ಬಾಗಿಲಲ್ಲಿ ನಿಂತು ಕೆಲಸ ನೋಡುತ್ತಿದ್ದೆ. ಕುರಿ ಮೇಯಿಸಿದವಳಿಗೆ ನೋಡುತ್ತ ನಿಲ್ಲುವುದೇನು ಹೊಸದಲ್ಲ.

ಅಲ್ಲಿ ಎಲ್ಲರೂ ಜೋಡಿಯ ಲೆಕ್ಕ. ಗಂಡ ಗೌಂಡಿ, ಹೆಂಡತಿ ಬಿಗಾರಿ. ಅವನ ಕೈಯಲ್ಲಿ ಗಾರೆ ಹಾಕುವ ಥಾಪಿ, ಇವಳ ತಲೆಯ ಮೇಲೆ ಮಾಲು ತುಂಬಿದ ಬುಟ್ಟಿ. ಸಿಮೆಂಟು ಮರಳು ಕಲಸಿದ್ದಕ್ಕೆ ಅಲ್ಲಿ ಮಾಲು ಎನ್ನುತ್ತಿದ್ದರು. ಅವನು ಕುಳಿತು ಕಟ್ಟುವುದು, ಇವಳು ಹತ್ತುವುದು ಇಳಿಯುವುದು. ಮೊದಲ ವಾರ ಸುಮ್ಮನೆ ನೋಡಿದೆ. ಎರಡನೆಯ ವಾರ ಕೇಳಲು ಶುರು ಮಾಡಿದೆ. ಹೆಂಗಸರು ಯಾಕೆ ಗೋಡೆ ಕಟ್ಟುವುದಿಲ್ಲ?

ಕೇಳಿದಷ್ಟೂ ಉತ್ತರ. ಸೀರೆ ಉಟ್ಟು ಅಟ್ಟದ ಮೇಲೆ ಕೂತರೆ ಸೆರಗು ಹಲಗೆಗೆ ಸಿಕ್ಕುತ್ತದೆ ಎಂದ ಒಬ್ಬ. ಅದೇ ಸೀರೆಯಲ್ಲಿ ತಲೆಯ ಮೇಲೆ ಭಾರ ಹೊತ್ತು ಅದೇ ಅಟ್ಟ ಹತ್ತಿ ಬರುವವಳು ಆಗ ಅವನ ಎದುರಿಗೇ ನಿಂತಿದ್ದಳು. ಕೆಳಗೆ ಗಂಡಸು ಕೆಲಸ ಮಾಡುವಾಗ ಮೇಲೆ ಹೆಂಗಸು ಕೂರಬಾರದು, ನೆರಳು ಬೀಳುತ್ತದೆ ಎಂದ ಇನ್ನೊಬ್ಬ. ಹೆಂಗಸು ಕಟ್ಟಿದ ಮನೆ ಬಾಯಿ ಬಿಡುತ್ತದೆ ಅಂತ ಮತ್ತೊಬ್ಬ. ಯಾರ ಮನೆ ಬಿಟ್ಟಿತ್ತು ಎಂದರೆ, ಯಾವ ಹೆಂಗಸೂ ಕಟ್ಟೇ ಇಲ್ಲವಲ್ಲ, ಹೇಗೆ ಬಿಡುತ್ತದೆ ಎಂದು ಅವನೇ ನಕ್ಕ. ಸಿಟ್ಟಿಗೇಳದೆ ಉತ್ತರ ಕೊಡುತ್ತಿದ್ದರು ಎನ್ನುವುದನ್ನು ಹೇಳಬೇಕು. ಅವರಿಗೂ ಯಾರೂ ಹಾಗೆ ಕೇಳಿರಲಿಲ್ಲವೇನೋ.

ನನ್ನನ್ನು ಬೆರಗುಗೊಳಿಸಿದ್ದು ಸಾವಂತ್ರವ್ವನ ಉತ್ತರ. ಬಿಗಾರಿ ಹೆಂಗಸರಲ್ಲಿ ಅವಳೇ ಹಿರಿಯಳು, ಬಾಯಿ ಜೋರು. ಹೆಂಗಸು ಥಾಪಿ ಹಿಡಿದರೆ ನಿಮಗೇ ಒಳ್ಳೆಯದಲ್ಲವೇ ಎಂದು ಕೇಳಿದೆ.

"ಏನ್ ಒಳ್ಳೇದು?" ಎಂದಳು. "ಆಕಿಗೆ ಮಾಲು ಹೊರೋರು ಯಾರು? ನಾವ ಅಲ್ಲೇನು? ಗಂಡಸಿಗೆ ಹೊತ್ತರ ಅದು ಕೂಲಿ. ಹೆಂಗಸಿಗೆ ಹೊತ್ತರ ಚಾಕರಿ. ಮನ್ಯಾಗ ಅತ್ತಿ ಚಾಕರಿ ಮಾಡಿದ್ದು ಸಾಲಂಗಿಲ್ಲಂತ ಇಲ್ಲಿ ಬ್ಯಾರೆ ಮಾಡಬೇಕು?"

ಇನ್ನೊಂದು ಸಂಗತಿಯೂ ನನ್ನ ಕಣ್ಣಿಗೆ ಬಿದ್ದಿತ್ತು. ಗೋಡೆ ನೇರ ಬರಲು ಈ ತುದಿಯಿಂದ ಆ ತುದಿಗೆ ದೋರಿ ಕಟ್ಟುತ್ತಾರಲ್ಲ, ಅದನ್ನು ಒಂದೊಂದು ತುದಿಗೆ ಒಬ್ಬೊಬ್ಬ ಗೌಂಡಿ ಹಿಡಿದು ಎಳೆಯುತ್ತಿದ್ದರು. ಮಿಲಿಂದ ಎನ್ನುವ ಒಬ್ಬ ಮಾತ್ರ ಆ ತುದಿಯನ್ನು ಒಂದು ಇಟ್ಟಿಗೆಗೆ ಸುತ್ತಿ ಇಡುತ್ತಿದ್ದ. ದಲಿತರಿಂದ ಬೌದ್ಧರಾದ ಮಿರಜಿನ ಮನೆತನದ ಹುಡುಗ, ತಾಯಿ ವಿಜಾಪುರದ ಕಡೆಯವಳಾದ್ದರಿಂದ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದ. ಯಾಕೆ ನೀನೊಬ್ಬನೇ ಎಂದು ಕೇಳಿದೆ.

"ಒಬ್ಬನ ಎಲ್ಲಿ? ಇದ ನನ್ನ ಜೋಡಿ," ಎಂದು ಇಟ್ಟಿಗೆ ತೋರಿಸಿದ. "ಚಹಾ ಕೇಳಂಗಿಲ್ಲ, ರಜಾ ಹಾಕಂಗಿಲ್ಲ, ಜಾತಿ ಕೇಳಂಗಿಲ್ಲ. ಇಂಥಾ ಜೋಡಿ ಯಾರಿಗೆ ಸಿಗತದ ಹೇಳು."

ಅವನಿಗೆ ಮುಂಭಾಗದ ಗೋಡೆಗಳು ಎಂದೂ ಸಿಗುತ್ತಿರಲಿಲ್ಲ. ಪಾಯಖಾನೆ, ಹಿತ್ತಿಲ ಕಂಪೌಂಡು, ಇಂಥವೇ. ಸೊಸೈಟಿಯ ನಿಯಮದಲ್ಲಿ ಜಾತಿಭೇದ ಇಲ್ಲ ಎಂದು ಬರೆದಿತ್ತು. ದೋರಿ ಹಿಡಿಯಬೇಕೆಂದು ಬರೆದಿರಲಿಲ್ಲ.

ಈಗ ಮಾಯವ್ವನ ಮಾತು. ಅವಳೂ ಅವಳ ಗಂಡ ಭೀಮಪ್ಪನೂ ಅಥಣಿ ಕಡೆಯಿಂದ ದುಡಿಯಲು ಬಂದವರು. ಭೀಮಪ್ಪ ಒಳ್ಳೆಯ ಗೌಂಡಿ. ಜೂನಿನಲ್ಲಿ ಮಿರಗದ ಮೊದಲ ಮಳೆಗೆ ಒದ್ದೆಯಾದ ಹಲಗೆಯಿಂದ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಎಲುಬು ಕೂಡಿಸುವವನು ಕಟ್ಟು ಹಾಕಿದ. ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಥಾಪಿ ಹಿಡಿದರೆ ಜಾರಿ ಬೀಳುತ್ತಿತ್ತು.

ಕೆಲಸಗಾರರು ಇರಲೆಂದು ಸೊಸೈಟಿ ಗೋದಾಮಿನ ಹಿಂದೆ ಸಾಲಾಗಿ ಖೋಲಿ ಹಾಕಿಸಿತ್ತು. ಜೋಡಿಯಲ್ಲಿ ಒಬ್ಬ ಗೌಂಡಿ ಇದ್ದರೆ ಖೋಲಿ, ಇಲ್ಲದಿದ್ದರೆ ಇಲ್ಲ. ಸೊಸೈಟಿಯ ಹಿರಿಯ ಬಾಬು ಮಿಸ್ತ್ರಿ ಕೆಟ್ಟವನಲ್ಲ. ದಸರೆಯ ತನಕ ಇರ್ರಿ ಎಂದು ಹೇಳಿದ್ದ. ಅದರ ಮೇಲೆ ಅವನ ಕೈಯಲ್ಲೂ ಇರಲಿಲ್ಲ, ಖೋಲಿ ಕಾಯುತ್ತ ಬೇರೆ ಜೋಡಿಗಳು ನಿಂತಿದ್ದವು. ಖೋಲಿ ಹೋದರೆ ಇವರಿಗೆ ಕಬ್ಬು ಕಡಿಯುವ ಟೋಳಿಯೂ ಇಲ್ಲ. ಅಲ್ಲಿಯೂ ಜೋಡಿಯದೇ ಲೆಕ್ಕ, ಕೊಯ್ತಾ ಹಿಡಿಯಲೂ ಕೈ ಬೇಕು. ಊರಿಗೆ ಹೋದರೆ ಅಲ್ಲಿ ಏನಿದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದರು? ಮಗಳು ರೇಣು ಆಗಷ್ಟೇ ಒಂದನೇ ಇಯತ್ತೆಗೆ ಹೋಗತೊಡಗಿದ್ದಳು. ಶಾಲೆ ಬಿಟ್ಟ ಮೇಲೆ ನನ್ನ ಶೆಡ್ಡಿಗೆ ಬಂದು ಕೂಸುಗಳಿಗೆ ಪಾಠ ಹೇಳುತ್ತಿದ್ದಳು.

ಆಷಾಢದ ಒಂದು ದಿನ ಮಳೆ ಹೇಗೆ ಬಂತೆಂದರೆ ಅಂಗಳದ ನೀರೆಲ್ಲ ನನ್ನ ಶೆಡ್ಡಿನೊಳಗೆ. ಬಾಗಿಲಿಗೆ ಅಡ್ಡ ಒಂದು ಗೇಣೆತ್ತರ ಕಟ್ಟಿಕೊಡ್ರಿ ಎಂದು ಗೌಂಡಿಗಳನ್ನೆಲ್ಲ ಕೇಳಿಕೊಂಡು ಬಂದೆ. ಎಲ್ಲರೂ ಹೂಂ ಎಂದರು, ಯಾರೂ ಬರಲಿಲ್ಲ. ಮಧ್ಯಾಹ್ನ ರೊಟ್ಟಿಯ ಹೊತ್ತಿನಲ್ಲಿ ಮಾಯವ್ವ ಬಂದಳು. ರೊಟ್ಟಿ ಸುರುಳಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಒಡಕು ಇಟ್ಟಿಗೆ ಆರಿಸಿ, ಉಳಿದ ಮಾಲನ್ನು ಒಂದು ತಗಡಿನ ಚೂರಿನಿಂದ ಬಡಿದು, ನೋಡನೋಡುತ್ತಿದ್ದಂತೆ ಹೊಸ್ತಿಲು ಎಬ್ಬಿಸಿಬಿಟ್ಟಳು. ನೀರು ಬಂತು, ಹೊಸ್ತಿಲು ಮುಟ್ಟಿತು, ಪಕ್ಕಕ್ಕೆ ಹರಿದುಹೋಯಿತು.

"ಯಕ್ಕಾ, ನೀನು ಗೌಂಡಿ ಯಾಕಲ್ಲ?" ಎಂದೆ.

ಅವಳು ಬಿದ್ದುಬಿದ್ದು ನಕ್ಕಳು. "ಬಂತು ನೋಡು, ಯಾಕವ್ವನ ಯಾಕ," ಎಂದಳು. ಕೈ ತೊಳೆಯುತ್ತ ನಗು ನಿಂತಿತು. "ಹತ್ತು ವರ್ಷ ಅವನಿಗೆ ಮಾಲು ಕೊಟ್ಟೇನಿ. ಯಾವ ಇಟ್ಟಂಗಿಗೆ ಎಷ್ಟು ಮಾಲು ಅಂತ ಅವ ಕೇಳೂದರೊಳಗ ನಾ ಹಾಕಿರತೇನಿ. ಕೈಗೆ ಬರತದ ತಂಗಿ. ಆದ್ರ ಕೈಗೆ ಬಂದ್ರ ಏನಾತು?"

ಖೋಲಿ ಉಳಿಯಲು ಇದೊಂದೇ ದಾರಿ ಎಂದು ನನಗೆ ಆ ಗಳಿಗೆಯೇ ಹೊಳೆಯಿತು. ಅವಳಿಗೆ ಮುಂಚೆಯೇ ಹೊಳೆದಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇಬ್ಬರೂ ಬಾಬು ಮಿಸ್ತ್ರಿಯ ಹತ್ತಿರ ಹೋದೆವು. ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಕೂರಿಸಿ ತಿಳಿಸಿ ಹೇಳಿದ. ಯಾರಾದರೂ ಗೌಂಡಿ ಎಂದು ಸೊಸೈಟಿಗೆ ಸೇರಬೇಕೆಂದರೆ ಎಲ್ಲರ ಮುಂದೆ ಒಂದು ಮೂಲೆ ಕಟ್ಟಿ ತೋರಿಸಬೇಕು. ಮೊದಲ ದೋರಿಯ ಈ ತುದಿ ಸೇರುವವನದು. ಆ ತುದಿಯನ್ನು ಒಬ್ಬ ಗೌಂಡಿ ಹಿಡಿಯಬೇಕು, ಹಿಡಿದವನೇ ಜಾಮೀನು. ನಾಳೆ ಗೋಡೆ ಬಿದ್ದರೆ ಅವನೂ ಕೇಳಿಸಿಕೊಳ್ಳಬೇಕು. ಆ ಮೊದಲ ದೋರಿಗೆ ಅರಿಶಿನ ಹಚ್ಚುತ್ತಾರೆ. ಅಲ್ಲಿಂದ ಅವರಿಬ್ಬರೂ ದೋರಿಯ ಜೋಡಿ.

"ಈಗ ನೀ ಹೇಳು," ಎಂದ ಮಿಸ್ತ್ರಿ. "ಅರಿಷಿಣ ಹಚ್ಚಿದ ದಾರ. ಒಂದು ತುದಿ ಗಂಡಸಿನ ಕೈಯಾಗ, ಒಂದು ತುದಿ ಇನ್ನೊಬ್ಬನ ಹೆಂಡತಿ ಕೈಯಾಗ. ಯಾರು ಹಿಡೀತಾರ? ನೋಡಿದವರು ಅದಕ್ಕ ಏನಂತಾರ?"

ಇಷ್ಟು ದಿನ ಕೇಳಿದ ಸೆರಗು, ನೆರಳು, ಬಾಯಿ ಬಿಡುವ ಮನೆ ಎಲ್ಲ ಬರೀ ಸಿಪ್ಪೆ ಎಂದು ನನಗೆ ಆಗ ತಿಳಿಯಿತು. ಒಳಗಿನ ಕಾಳು ಇದು. ಕೊರಳಿಗೆ ಕಟ್ಟುವ ಅರಿಶಿನದ ದಾರ.

ಆದರೂ ನಾನು ಬಿಡಲಿಲ್ಲ. "ನಮ್ಮ ಮನ್ಯಾಗ ದೇವರಿಗೆ ಅರಿಷಿಣದ ಭಂಡಾರ ಹಾರಿಸ್ತೀವಿ, ಕುರಿಗೂ ಹಚ್ಚತೀವಿ. ಅಷ್ಟಕ್ಕ ಕುರಿ ಲಗ್ನ ಆದಂಗಾತೇನ್ರಿ ಮಿಸ್ತ್ರಿ?"

ಮಿಸ್ತ್ರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, "ನಿಮ್ಮ ಕುರಿ ಮಾತಾಡಂಗಿಲ್ಲವಾ. ಮಂದಿ ಮಾತಾಡತದ," ಎಂದ. ಭೀಮಪ್ಪನೇ ಹಿಡಿದರೆ ಯಾರೂ ಏನೂ ಅನ್ನುವಂತಿರಲಿಲ್ಲ, ಆದರೆ ಕೈ ಹೋದ ಗೌಂಡಿ ಜಾಮೀನು ಆಗಲಾರ. ಆಮೇಲೆ ಅವನೇ ಒಂದು ದಾರಿ ಹೇಳಿದ. ರಾಖಿ ಹುಣ್ಣಿಮೆ ಬರುತ್ತದೆ, ಯಾರಿಗಾದರೂ ರಾಖಿ ಕಟ್ಟಲಿ, ಅಣ್ಣ ಆದವನು ಹಿಡಿಯಬಹುದು.

ನಾನು ಒಪ್ಪಿಯೇ ಬಿಡುತ್ತಿದ್ದೆ. ಮಾಯವ್ವ ಎದ್ದು ನಿಂತಳು. "ಗೋಡಿ ಕಟ್ಟಾಕ ಯಾರದರ ಹೆಂಡತಿ ಆಗಬೇಕು, ಇಲ್ಲಾ ಯಾರದರ ತಂಗಿ ಆಗಬೇಕು. ಗೌಂಡಿ ಆದ್ರ ಸಾಲಂಗಿಲ್ಲೇನ್ರಿ?" ಎಂದು ಕೇಳಿ ಹೊರಟೇಬಿಟ್ಟಳು. ದಾರಿಯಲ್ಲಿ ಅವಳಿಗೆ ಅಳು ಬಂತು. ಅಳುತ್ತಲೇ ಬುಟ್ಟಿ ತಲೆಗಿಟ್ಟುಕೊಂಡು ಕೆಲಸಕ್ಕೆ ಹತ್ತಿದಳು.

ಶ್ರಾವಣವೆಲ್ಲ ಹಾಗೇ ಹೋಯಿತು. ಕೃಷ್ಣೆ ತುಂಬಿ ಹರಿದು ಘಾಟಿನ ಮೆಟ್ಟಿಲು ಮುಚ್ಚಿದ್ದನ್ನು ನೋಡಲು ಸಾಂಗ್ಲಿಯ ಜನ ಸಂಜೆ ಸಂಜೆ ಹೋಗಿ ಬರುತ್ತಿದ್ದರು. ನಮ್ಮ ಗೋದಾಮಿನ ಗೋಡೆ ಕಿಟಕಿಯ ಮಟ್ಟಕ್ಕೆ ಬಂತು. ಒಂದು ಸಂಜೆ ರೇಣುವನ್ನು ಬಿಡಲು ಅವರ ಖೋಲಿಗೆ ಹೋಗಿದ್ದೆ. ಭೀಮಪ್ಪ ಬಾಗಿಲಲ್ಲಿ ಕೂತು ತನ್ನ ಥಾಪಿಗೆ ಎಣ್ಣೆ ಒರೆಸುತ್ತಿದ್ದ. ಎಡಗೈಯಲ್ಲಿ ಒರೆಸುತ್ತಿದ್ದ. ಮಾಯವ್ವ ಒಲೆಯ ಮುಂದಿನಿಂದಲೇ, ಥಾಪಿ ಸುಮ್ಮನ ಇರೂದರ ಬದಲಿ ನನಗರ ಕೊಡು ಎಂದಳು.

"ನಾ ಸತ್ತೇನೇನು?" ಎಂದ ಭೀಮಪ್ಪ.

ಅಷ್ಟೇ ಮಾತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅವನ ಕೈ ನೋಡಿ ಸಿಟ್ಟು ಇಳಿಯಿತು. ಎರಡೂ ಹೊತ್ತುಕೊಂಡು ವಾಪಸ್ಸು ಬಂದೆ.

ಮಿಲಿಂದನ ಕಿವಿಗೆ ಈ ಸುದ್ದಿ ಬೀಳದೆ ಇರುತ್ತದೆಯೇ? ಒಂದು ಮಧ್ಯಾಹ್ನ ಶೆಡ್ಡಿನ ಹತ್ತಿರ ಬಂದು, ಅಲ್ಲಿ ಮಾಲು ಕಲಸುತ್ತಿದ್ದ ಮಾಯವ್ವನನ್ನೇ ನೇರ ಕೇಳಿದ. "ನಾ ಹಿಡೀತೇನಿ ಆ ತುದಿ. ನಾವು ದೀಕ್ಷಾ ತಗೊಂಡ ಮಂದಿ, ಅರಿಷಿಣ ಪೂಜಾ ನಮ್ಮಲ್ಲಿಲ್ಲ. ನನ್ನ ದೋರಿ ಬರೀ ಬಿಳಿದು. ಅದರಾಗ ಲಗ್ನಾನೂ ಇಲ್ಲ, ರಾಖೀನೂ ಇಲ್ಲ."

ಮಾಯವ್ವ ಕೂಡಲೇ ಹೂಂ ಅಂದಳು ಎಂದು ಬರೆಯಲು ನನಗೂ ಆಸೆಯಿದೆ. ಅನ್ನಲಿಲ್ಲ. ತಲೆ ತಗ್ಗಿಸಿ ಸಲಿಕೆ ಆಡಿಸುತ್ತಲೇ ಇದ್ದಳು. ಅಷ್ಟು ತಿಂಗಳಲ್ಲಿ ಅವಳು ತನ್ನ ಕೊಡದಿಂದ ಮಿಲಿಂದನಿಗೆ ನೀರು ಕೊಟ್ಟವಳಲ್ಲ. ಅವನು ಕೇಳಿದವನೂ ಅಲ್ಲ, ಮನೆಯಿಂದ ಬಾಟಲಿ ತರುತ್ತಿದ್ದ. ಮಿಲಿಂದ ಹಿತ್ತಿಲ ಕೆಲಸಕ್ಕೆ ವಾಪಸ್ಸು ಹೋದ.

ಎರಡು ದಿನ ನಾನೂ ಏನೂ ಕೇಳಲಿಲ್ಲ. ಯಾಕವ್ವ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು. ಮೂರನೆಯ ದಿನ ರೊಟ್ಟಿಯ ಹೊತ್ತಿಗೆ ಮಾಯವ್ವ ಕೊಡ ಎತ್ತಿಕೊಂಡು, ಎಲ್ಲ ಹೆಂಗಸರೂ ನೋಡುತ್ತಿರುವಾಗಲೇ, ಹಿತ್ತಿಲ ಕಂಪೌಂಡಿನ ಕಡೆ ನಡೆದಳು. ಸಾವಂತ್ರವ್ವನ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು. ಮಿಲಿಂದ ಬೊಗಸೆ ಒಡ್ಡಿದ. ಮಾಯವ್ವ ತಾನು ಕುಡಿಯುವ ತಂಬಿಗೆಯನ್ನೇ ತುಂಬಿ ಕೊಟ್ಟು, "ಬೊಗಸಿ ಬ್ಯಾಡ, ಇದರಾಗ ಕುಡಿ," ಎಂದಳು.

ದಸರೆಗೆ ಮುಂಚಿನ ವಾರ ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ ಎಲ್ಲ ಗೌಂಡಿಗಳೂ ಅಂಗಳದಲ್ಲಿ ಸೇರಿದರು. ನಾನು ಜೋಳಿಗೆಗಳನ್ನು ರೇಣುವಿಗೆ ಒಪ್ಪಿಸಿ ಮುಂದೆ ಹೋಗಿ ನಿಂತೆ. ತಾಟಿನಲ್ಲಿ ಅರಿಶಿನ, ಊದಿನಕಡ್ಡಿ, ತೆಂಗಿನಕಾಯಿ. ಮಾಯವ್ವ ಸೀರೆಯ ಕಚ್ಚೆ ಹಾಕಿ ಬಂದಿದ್ದಳು. ಕೈಯಲ್ಲಿ ಯಾರದೋ ಹಳೆಯ ಥಾಪಿ, ಹಿಡಿಕೆಗೆ ಚಿಂದಿ ಸುತ್ತಿದ್ದು. ಭೀಮಪ್ಪ ದೂರದಲ್ಲಿ ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದ.

ಮಿಲಿಂದ ಬಿಳಿ ದೋರಿ ತೆಗೆದ. ಗುಂಪು ಗುಜುಗುಜು ಎಂದಿತು. ಬಾಬು ಮಿಸ್ತ್ರಿ ಕೈಯೆತ್ತಿ, "ಅರಿಷಿಣ ಹಚ್ಚದ ದೋರಿ ಪೈಲಾ ದೋರಿ ಆಗಂಗಿಲ್ಲ," ಎಂದ.

"ನನ್ನ ಪೈಲಾ ದೋರಿ ಹಿಡಿದವರು ಯಾರು ಮಿಸ್ತ್ರಿ?" ಮಿಲಿಂದ ಕೇಳಿದ.

ಆ ಕಥೆ ಅಲ್ಲಿದ್ದವರಿಗೆಲ್ಲ ಗೊತ್ತು. ಮಿಲಿಂದ ಸೇರಿದ ದಿನ ಸಹಕಾರ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದು ಕೂತಿದ್ದರು. ಸಾಹೇಬರ ಎದುರಿಗೆ ಯಾರೂ ಮುಂದೆ ಬಾರದಿದ್ದಾಗ ಬಾಬು ಮಿಸ್ತ್ರಿಯೇ ಆ ತುದಿ ಹಿಡಿದಿದ್ದ. ಜೀಪು ಹೋದ ಮೇಲೆ ಬಿಟ್ಟವನು ಮತ್ತೆ ಹಿಡಿದಿರಲಿಲ್ಲ.

"ಅವತ್ತೂ ಅರಿಷಿಣ ಇರಲಿಲ್ಲ," ಎಂದ ಮಿಲಿಂದ. ದನಿ ಏರಿಸಲಿಲ್ಲ. "ಅದು ದೋರಿ ಆಗಿತ್ತೋ ಇಲ್ಲೋ, ನೀವ ಹೇಳ್ರಿ. ಆಗಿದ್ದಿಲ್ಲಂದ್ರ ನಾನೂ ಗೌಂಡಿ ಅಲ್ಲ. ಇವತ್ತ ಥಾಪಿ ಇಟ್ಟು ಹೋಗತೇನಿ."

ಯಾಕೆ ಎಂದು ಕೇಳುವ ಕೆಲಸ ಅಂದು ನನಗೆ ಉಳಿಯಲಿಲ್ಲ. ಮಿಸ್ತ್ರಿ ತಾಟಿನ ಅರಿಶಿನ ನೋಡಿದ. ಆಮೇಲೆ, ಮುದುಕರು ಮಾಡುವ ಹಾಗೆ, ಕೊನೆಯ ಗಂಟನ್ನು ಇನ್ನೊಬ್ಬರ ಕೈಗೆ ಕೊಟ್ಟ. "ಭೀಮಪ್ಪಾ, ನಿನ್ನ ಹೆಂಡತಿ. ನೀ ಏನಂತೀ?"

ಎಲ್ಲರೂ ತಿರುಗಿದರು. ಮಾಯವ್ವ ಮಾತ್ರ ತಿರುಗಲಿಲ್ಲ. ಆ ಒಬ್ಬನ ಬಾಯಿಯ ಮೇಲೆ ಖೋಲಿ, ರೇಣುವಿನ ಶಾಲೆ, ಎಲ್ಲವೂ ನಿಂತಿತ್ತು. ಹತ್ತು ವರ್ಷ ಹೊತ್ತವಳು ಅವಳು, ಕೇಳಿದ್ದು ಅವನನ್ನು. ಅದು ನನಗೆ ಅಂದೂ ಚುಚ್ಚಿತು, ಇಂದೂ ಚುಚ್ಚುತ್ತದೆ.

ಭೀಮಪ್ಪ ಇಟ್ಟಿಗೆಯ ರಾಶಿಯಿಂದ ಇಳಿದು ಬಂದ. ಸೊಂಟದಿಂದ ತನ್ನ ಥಾಪಿ ತೆಗೆದ. ಎಣ್ಣೆ ಒರೆಸಿ ಒರೆಸಿ ಫಳಫಳ ಹೊಳೆಯುತ್ತಿತ್ತು. ಹೆಂಡತಿಯ ಕೈಯಲ್ಲಿದ್ದ ಚಿಂದಿ ಸುತ್ತಿದ ಥಾಪಿ ಇಸಿದುಕೊಂಡು ತನ್ನದನ್ನು ಕೊಟ್ಟ. ಮಿಸ್ತ್ರಿಯ ಕಡೆ ನೋಡಿ, "ಅದು ಬರೀ ದಾರ ರೀ," ಎಂದ.

ಮಿಲಿಂದ ಆ ತುದಿ ಹಿಡಿದ. ಮಾಯವ್ವ ಈ ತುದಿ ಹಿಡಿದಳು. ದೋರಿ ಬಿಗಿಯಾಯಿತು.

ಇಟ್ಟಿಗೆಯ ಮೊದಲ ವರಸೆ ಮುಗಿಯಿತು. ಮಾಲು ಬೇಕು. ಬಿಗಾರಿ ಹೆಂಗಸರು ಸಾಲಾಗಿ ನಿಂತಿದ್ದರು, ಒಬ್ಬಳೂ ಅಲುಗಾಡಲಿಲ್ಲ. ಮಾಯವ್ವ ಥಾಪಿ ಇಟ್ಟು, ತಾನೇ ಹೋಗಿ, ಬುಟ್ಟಿ ತುಂಬಿ, ಹೊತ್ತು ತಂದು, ಮತ್ತೆ ಥಾಪಿ ಹಿಡಿದಳು. ಎರಡನೆಯ ಸಲವೂ ಹಾಗೇ. ಬಿಸಿಲೇರಿತು, ಕಲಸಿಟ್ಟ ಮಾಲು ಬಿಗಿಯತೊಡಗಿತು. ಮೂರನೆಯ ಸಲ ಅವಳು ಏಳುವಷ್ಟರಲ್ಲಿ ಸಾವಂತ್ರವ್ವ ಗೊಣಗುತ್ತ ಸಿಂಬಿ ತಲೆಗಿಟ್ಟಳು. "ಆಕಿ ಸಲುವಾಗಿ ಅಲ್ಲ. ಕಣ್ಣ ಮುಂದ ಮಾಲು ಸಾಯತದ, ನೋಡಾಕ ಆಗಂಗಿಲ್ಲ," ಎಂದು ಯಾರೂ ಕೇಳದೆಯೇ ಎಲ್ಲರಿಗೂ ಹೇಳುತ್ತ ಹೊತ್ತು ತಂದಳು.

ಮೂಲೆ ಎದ್ದಿತು. ಮಿಸ್ತ್ರಿ ಒಳಂಬಾ ಇಳಿಬಿಟ್ಟ. ದಾರಕ್ಕೆ ತೂಗುವ ಆ ಹಿತ್ತಾಳೆ ಗುಂಡಿನ ಮೇಲೆ ಎಲ್ಲರ ಕಣ್ಣು. ಒಂದು ಕಡೆ ಸರಿ ನಿಂತಿತು. ಇನ್ನೊಂದು ಕಡೆ ಗೋಡೆ ನಡುವೆ ಸ್ವಲ್ಪ ಹೊಟ್ಟೆ ಬಂದಿತ್ತು. ಹೊತ್ತು ತರುವ ಗಡಿಬಿಡಿಯಲ್ಲಿ ಬಂದದ್ದು, ಆದರೆ ಬಂದಿತ್ತು. ಮಾಯವ್ವ ತಾನೇ ಬೆರಳಿಟ್ಟು ತೋರಿಸಿದಳು. ಇಂಥ ಹೊಟ್ಟೆ ನಿಮ್ಮ ಗೋಡೆಗೂ ಬಂದಿತ್ತು, ಅಲ್ಲೇನು ಎಂದು ಮಿಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು ಕೇಳತೊಡಗಿದ. ಹೆಸರು ಕರೆಸಿಕೊಂಡವರು ನೆಲ ನೋಡಿದರು. ಕೊನೆಗೆ ಅವನು ತೆಂಗಿನಕಾಯಿ ತಾನೇ ಒಡೆದು ಹೋಳು ಮಾಯವ್ವನ ಕೈಗಿಟ್ಟ.

ಖೋಲಿ ಉಳಿಯಿತು. ಮರುದಿನದಿಂದ ಅವಳು ಗೌಂಡಿ. ಎಲ್ಲ ಗೆದ್ದೆವು ಎಂದು ನಾನು ಕುಣಿದಾಡಿದ್ದೆ. ಗೋದಾಮಿನ ಮುಂದಿನ ಗೋಡೆಯ ಕೆಲಸ ಹಂಚಿದಾಗ ಅವಳ ಹೆಸರು ಅದರಲ್ಲಿರಲಿಲ್ಲ. ಅವಳ ದೋರಿಯ ಆ ತುದಿ ಹಿಡಿಯಲು ಮಿಲಿಂದನೊಬ್ಬನೇ ಇದ್ದ, ಅವನಿಗೆ ಸಿಗುತ್ತಿದ್ದದ್ದು ಹಿತ್ತಿಲು ಮತ್ತು ಪಾಯಖಾನೆ. ಹಾಗಾಗಿ ಅವಳಿಗೂ ಅದೇ. ಬಿಳಿ ದೋರಿಯವರು ಎಂದು ಹೆಸರಿಟ್ಟರು. ಇಟ್ಟಿಗೆಗೆ ರಜೆ ಕೊಟ್ಟೆ ನೋಡು ಎಂದು ಮಿಲಿಂದ ನಗುತ್ತಿದ್ದ. ಭೀಮಪ್ಪ ಕೆಳಗೆ ಕೂತು ಎಡಗೈಯಲ್ಲಿ ಇಟ್ಟಿಗೆ ನೀರಿಗದ್ದಿ ಕೊಡುತ್ತಿದ್ದ. ಚಳಿಗಾಲ ಕಳೆಯಿತು, ಹೊಸ ಅರಿಶಿನ ಬಂದು ಗೋದಾಮಿಗೆ ತುಂಬಿತು, ಹಸಿ ಗೋಡೆಯ ವಾಸನೆಗೆ ಅರಿಶಿನದ ವಾಸನೆ ಕೂಡಿಕೊಂಡಿತು. ಮುಂದಿನ ಮಿರಗಕ್ಕೆ ನನಗೆ ಟ್ರೇನಿಂಗಿನ ಸೀಟು ಸಿಕ್ಕಿತು, ನಾನು ಹೊರಟುಬಂದೆ. ಆಮೇಲೆ ನೌಕರಿ, ಲಗ್ನ, ಗಡಿಯ ಹಳ್ಳಿಗಳ ಕನ್ನಡ ಶಾಲೆಗಳು.

ರಿಕ್ಷಾದವನು ಇಂಜಿನ್ ಚಾಲೂ ಮಾಡಿದ. ರೇಣು ಕುಪವಾಡದಲ್ಲೇ ಮನೆ ಮಾಡಿದ್ದಾಳೆ ಎಂದು ಹಿಂದೊಮ್ಮೆ ಕೇಳಿದ್ದೆ. ಸಾಂಗ್ಲಿ ಬ್ಯಾಡ, ಒಳಗ ತಿರುಗಿಸು ಎಂದೆ. ಕೇಳುತ್ತ ಕೇಳುತ್ತ ಹೋದೆವು. ಗೌಂಡಿ ಆಜಿಯ ಮನೆಯೇ ಎಂದು ಒಬ್ಬ ಹುಡುಗ ಮರಾಠಿಯಲ್ಲಿ ಕೇಳಿ ದಾರಿ ತೋರಿಸಿದ.

ಮಳೆ ನಿಂತಿತ್ತು. ಮನೆಯ ಪಕ್ಕದ ಬಯಲಿನಲ್ಲಿ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆ ಜೋಡಿಸುತ್ತಿದ್ದಳು. ಮಗಳ ಬಚ್ಚಲಿಗೆ ಗೋಡೆಯಂತೆ. ಮುಖ ಮಬ್ಬಾಗಿತ್ತು, ಕೂತ ಭಂಗಿ ಮಾತ್ರ ಮಾಯವ್ವನದೇ. ನನ್ನ ಹೆಸರು ಹೇಳಿದೆ, ಅವಳಿಗೆ ನೆನಪಾಗಲಿಲ್ಲ. ಯಾಕವ್ವ ಎಂದೆ. ಒಂದು ಗಳಿಗೆ ಬಾಯಿ ತೆರೆದವಳು, ಮಣ್ಣುಗೈಯಲ್ಲೇ ನನ್ನ ಕೆನ್ನೆ ಸವರಿದಳು. ಭೀಮಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಮಿಲಿಂದ ನಾನು ಹೋದ ಎರಡು ಮೂರು ವರ್ಷಕ್ಕೆ ಪುಣೆಗೆ ಹೋದನಂತೆ, ಅಲ್ಲಿ ಯಾರೂ ಜಾತಿ ಕೇಳುವುದಿಲ್ಲ ಎಂದು.

"ಮತ್ತ ನಿನ್ನ ದೋರಿ?" ಎಂದೆ. "ಯಾರು ಹಿಡಿದರು?"

"ಯಾರೂ ಹಿಡೀಲಿಲ್ಲ. ನಾನೂ ಇಟ್ಟಂಗಿಗೆ ಸುತ್ತಿದೆ." ಅವಳು ಥಾಪಿಯಿಂದ ಮಾಲು ಕೆರೆಯುತ್ತ ಹೇಳಿದಳು. "ಆಮ್ಯಾಲೆ ಸಾವಂತ್ರವ್ವನ ಸೊಸಿ ಬಂದ್ಲು. ಅಕ್ಕಾ, ನನಗ ಕಲಿಸ್ತೀಯೇನು ಅಂದ್ಲು. ಸಾವಂತ್ರವ್ವನೇ ಕಳಿಸಿದ್ಲಂತ, ನೋಡು ಆಕಿ ಸೊಕ್ಕು, ತಾ ಬರಲಿಲ್ಲ. ಕಲಿಸಿದೆ. ಮೂಲಿ ಕಟ್ಟೂ ದಿನ ಆ ತುದಿ ನಾನ ಹಿಡಿದೆ. ಅದರ ಮ್ಯಾಲೆ ಇನ್ನೊಬ್ಬಾಕಿ. ಗೋಡಿ ಕಟ್ಟಿದ್ದು ಕಡಿಮೀನ, ಯಾಕವ್ವ, ತುದಿ ಹಿಡಿದಿದ್ದ ಬಾಳ."

ರಸ್ತೆಯ ಪಕ್ಕ ನೋಡಿದ ಬುಟ್ಟಿಯ ಹೆಂಗಸು ನನ್ನ ಕಣ್ಣ ಮುಂದೆ ಬಂದಳು. ಇಷ್ಟೆಲ್ಲ ಆಗಿಯೂ ಅದು ಇನ್ನೂ ಯಾಕೆ ಹಾಗೇ ಇದೆ ಎಂದು ಬಾಯಿ ತೆರೆದೆ. ಮಾಯವ್ವ ಆಗಲೇ ದೋರಿಯ ಉಂಡೆ ಬಿಚ್ಚುತ್ತಿದ್ದಳು. ಒಂದು ತುದಿ ನನ್ನ ಕಡೆ ಚಾಚಿ, ಗೋಡೆಯ ಆ ಬದಿಗೆ ಗದ್ದ ತೋರಿಸಿದಳು.

"ಯಾಕಂತ ಆಮ್ಯಾಲೆ ಕೇಳೀಯಂತ. ಈಗ ಅಲ್ಲಿ ಕುಂದ್ರು, ಇದನ್ನ ಹಿಡಿ."

ದೋರಿ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಅವಳು ಎಳೆದಾಗ ಬೆರಳಿಗೆ ತಿಳಿಯಿತು. ನಾನೂ ಬಿಗಿಯಾಗಿ ಹಿಡಿದು ಕೂತೆ.